ಮೊರಿಯಾರ್ಟಿಗೆ ದೊಡ್ಡ ದನಿಯ ನಟ ಬೇಡ

ಮಾನ್ಯ ಸಂಪಾದಕರೆ,

ಕಲಬುರಗಿ, ಬೀದರ್ ಕಡೆಯ ಕಾಲೇಜು ತಂಡಗಳಾಗಲಿ ಹವ್ಯಾಸಿ ಬಳಗಗಳಾಗಲಿ ಷರ್ಲಾಕ್ ಹೋಮ್ಸ್ ಕಥೆಯನ್ನು ರಂಗಕ್ಕೆ ತರಲು ಹೊರಟರೆ, ಹೋಮ್ಸ್ ಯಾರಾಗಬೇಕೆಂದು ವಾರಗಟ್ಟಲೆ ಚರ್ಚೆ ಮಾಡುತ್ತವೆ. ಹೋಮ್ಸ್‌ನ ಕಡುವೈರಿ ಪ್ರೊಫೆಸರ್ ಮೊರಿಯಾರ್ಟಿಗೆ ಮಾತ್ರ ತಂಡದಲ್ಲಿ ದಪ್ಪ ಮೀಸೆ, ದೊಡ್ಡ ದನಿ ಇರುವ ಆಳನ್ನು ಹಿಡಿದು ನಿಲ್ಲಿಸಿಬಿಡುತ್ತವೆ. ನಾಟಕ ಕೈಕೊಡುವುದು ಅಲ್ಲೇ.

ದೊಡ್ಡಾಟದ ದುರ್ಯೋಧನನಿಗೆ, ಕಂಪನಿ ನಾಟಕದ ಖಳನಿಗೆ ಆ ಗಂಟಲು ಬೇಕು. ವಜ್ರಮುನಿಯವರ ಕಣ್ಣಿಗೂ ಕಂಠಕ್ಕೂ ಚಪ್ಪಾಳೆ ಹೊಡೆದು ಬೆಳೆದ ಪ್ರೇಕ್ಷಕರು ನಾವು. ಮೊರಿಯಾರ್ಟಿ ಆ ಬಗೆಯವನಲ್ಲ. ಹೋಮ್ಸ್ ಕಥೆಗಳ ಲೇಖಕ ಕಾನನ್ ಡಾಯ್ಲ್ 1893ರ ಕಥೆಯಲ್ಲಿ ಚಿತ್ರಿಸಿದಂತೆ ಅವನು ಎತ್ತರದ, ತೀರ ಸಣಕಲು ಮನುಷ್ಯ. ಉಬ್ಬಿದ ಹಣೆ, ಗುಳಿಬಿದ್ದ ಕಣ್ಣು, ನುಣ್ಣಗೆ ಬೋಳಿಸಿದ ಬಿಳಚಿದ ಮುಖ, ಓದಿ ಓದಿ ಬಾಗಿದ ಹೆಗಲು. 21ನೇ ವಯಸ್ಸಿಗೇ ಬೀಜಗಣಿತದ ದ್ವಿಪದ ಪ್ರಮೇಯದ ಮೇಲೆ ಪ್ರಬಂಧ ಬರೆದು ಗಣಿತದ ಪ್ರಾಧ್ಯಾಪಕನಾದವನು. ಉತ್ತರ ತನಗೆ ಗೊತ್ತಿದ್ದೂ, ಹಲಗೆಯ ಮುಂದಿನ ಹುಡುಗ ತಪ್ಪುವ ತನಕ ಸುಮ್ಮನೆ ಕಾಯುವ ಲೆಕ್ಕದ ಮಾಸ್ತರರ ಹಾಗೆ ಅವನು ನಿಲ್ಲಬೇಕು.

ಹೋಮ್ಸ್ ಜೊತೆಗಿನ ಕೊನೆಯ ಹೊಡೆದಾಟಕ್ಕೆ ಗಟ್ಟಿ ಮೈಯವನೇ ಬೇಕು ಎಂಬ ವಾದವಿದೆ. ರೈಶೆನ್‌ಬಾಖ್ ಜಲಪಾತದ ಅಂಚಿನ ಆ ಸೆಣಸಾಟವನ್ನು ಮೂಲ ಕಥೆಯಲ್ಲಿ ಹೋಮ್ಸ್‌ನ ಗೆಳೆಯ, ಕಥೆ ಹೇಳುವ ವಾಟ್ಸನ್ ನೋಡಿಯೇ ಇಲ್ಲ. ಅವನಿಗೆ ಸಿಗುವುದು ಹೆಜ್ಜೆಗುರುತು, ಬಂಡೆಗೆ ಒರಗಿಸಿದ ಕೋಲು, ಬೆಳ್ಳಿಯ ಸಿಗರೇಟು ಡಬ್ಬಿ, ಅದರಡಿ ಒಂದು ಚೀಟಿ. ರಂಗದ ಮೇಲೂ ಅಷ್ಟನ್ನೇ ಇಡಿ, ಕುಸ್ತಿಯವನ ಅಗತ್ಯ ಬೀಳುವುದಿಲ್ಲ.

ಆಯ್ಕೆಗೆ ಒಂದೇ ದೃಶ್ಯ ಸಾಕು: ಮೊರಿಯಾರ್ಟಿ ಹೋಮ್ಸ್‌ನ ಕೋಣೆಗೆ ಬರುವುದು. ಅವನು ಜೇಬಿಗೆ ಕೈ ಹಾಕುತ್ತಾನೆ, ಹೋಮ್ಸ್ ಪಿಸ್ತೂಲು ಎತ್ತುತ್ತಾನೆ, ಜೇಬಿನಿಂದ ಬರುವುದು ಒಂದು ಟಿಪ್ಪಣಿ ಪುಸ್ತಕ. ಜನವರಿ 4, ಜನವರಿ 23, ಫೆಬ್ರುವರಿ ನಡುವೆ, ಮಾರ್ಚ್ ಕೊನೆ, ಈಗ ಏಪ್ರಿಲ್ ಕೊನೆ ಎಂದು, ಹೋಮ್ಸ್ ತನಗೆ ಅಡ್ಡಬಂದ ದಿನಗಳನ್ನು ಮೊರಿಯಾರ್ಟಿ ಹೇಳುತ್ತಾನೆ. ನಟರಿಂದ ಇದನ್ನೇ ಓದಿಸಿ. ತಾರೀಖಿಗೊಮ್ಮೆ ದನಿ ಏರಿಸುವವನನ್ನು ಬಿಡಿ. ನಾಲ್ಕನ್ನೂ ಒಂದೇ ಮಟ್ಟದಲ್ಲಿ ಓದಿ, ಐದನೆಯದಕ್ಕೆ ಮಾತ್ರ ಪುಸ್ತಕದಿಂದ ಕಣ್ಣೆತ್ತುವವನನ್ನು ಉಳಿಸಿಕೊಳ್ಳಿ. ಬಳಿಕ ಹೋಮ್ಸ್ ಎರಡು ನಿಮಿಷ ಮಾತಾಡಲಿ, ಇವನು ಬರೀ ಕೇಳಲಿ. ಕೇಳುವಾಗ ಬೆರಳಾಡಿಸುವವನು, ತನ್ನ ಸರದಿಗೆ ಬಾಯಿ ತೆರೆದು ಕಾಯುವವನು ಈ ಪಾತ್ರಕ್ಕಲ್ಲ. ಮೂಲದಲ್ಲಿ ಅವನ ಮುಖ ನಿಧಾನವಾಗಿ ಅತ್ತಿತ್ತ ಓಲಾಡುತ್ತದೆ ಎಂದಿದೆ. ನಟರು ಇದನ್ನು ಹಿಡಿದುಕೊಂಡು ದೃಶ್ಯವಿಡೀ ಕತ್ತು ಆಡಿಸುತ್ತಾರೆ, ಜನ ನಗುತ್ತಾರೆ. ಕೇಳುವಾಗ ಮಾತ್ರ, ಎರಡು ಇಂಚಿನೊಳಗೆ ಓಲಾಡಲಿ. ತಾನು ಮಾತಿಗೆ ತೊಡಗಿದಾಗ ಓಲಾಟ ನಿಂತುಬಿಡಬೇಕು.

ಹೋಮ್ಸ್ ಪಾತ್ರಕ್ಕೆ ನಟ ನಿಶ್ಚಯವಾಗುವ ತನಕ ಮೊರಿಯಾರ್ಟಿಯ ನಟನನ್ನು ಗೊತ್ತು ಮಾಡಬೇಡಿ. ಬಿಬಿಸಿಯ ‘ಷರ್ಲಾಕ್’ ಟಿವಿ ಸರಣಿಯಲ್ಲಿ ಆಂಡ್ರ್ಯೂ ಸ್ಕಾಟ್ ಅವರ ಚೇಷ್ಟೆಯ ಮೊರಿಯಾರ್ಟಿ ಒಪ್ಪಿದ್ದು ಎದುರಿಗೆ ಹೋಮ್ಸ್ ಆಗಿದ್ದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರ ಓರಗೆಯವರಾಗಿದ್ದಕ್ಕೆ. ಇಬ್ಬರೂ 1976ರಲ್ಲಿ ಹುಟ್ಟಿದವರು. 1985ರಲ್ಲಿ ಬ್ರಿಟನ್ನಿನ ಇನ್ನೊಂದು ಟಿವಿ ಸರಣಿಯಲ್ಲಿ ಜೆರೆಮಿ ಬ್ರೆಟ್ ಅವರ ಚುರುಕು ಹೋಮ್ಸ್‌ಗೆ ಎರಿಕ್ ಪೋರ್ಟರ್ ಅವರ ಹಿರಿಯ, ತಣ್ಣನೆಯ ಮೊರಿಯಾರ್ಟಿ ಸರಿಹೋದ. ಈ ಜೋಡಿಗಳನ್ನು ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ.

ತಗ್ಗಿದ ದನಿಗೆ ಒಂದು ಅಪಾಯವಿದೆ. ಕನ್ನಡದಲ್ಲಿ ನಿರಾಕರಣೆ ಬರುವುದು ವಾಕ್ಯದ ಕೊನೆಗೆ. ‘ನಿನ್ನನ್ನು ಬಿಡುವುದಿಲ್ಲ’ ಎನ್ನುವಾಗ ಉಸಿರು ಸೋತರೆ ‘ಇಲ್ಲ’ ನುಂಗಿಹೋಗಿ, ಬೆದರಿಕೆ ಅಭಯವಾಗುತ್ತದೆ. ತಾಲೀಮಿನಲ್ಲಿ ಎಸ್.ಎಂ. ಪಂಡಿತ ರಂಗಮಂದಿರದಂಥ ಕಡೆ ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಮೈಕಿಲ್ಲದೆ ಆಡಿಸಿ, ವಾಕ್ಯಗಳ ಕೊನೆಯನ್ನಷ್ಟೇ ಬರೆದುಕೊಳ್ಳಲು ಹೇಳಿ. ತೂಗುಮೈಕು ನೆಚ್ಚಿಕೊಂಡರೆ ಮೆಲುದನಿ ಅದಕ್ಕೆ ಸಿಗುವುದಿಲ್ಲ. ನಟ ಗಾಬರಿಯಾಗಿ ಕೂಗುತ್ತಾನೆ, ಅಲ್ಲಿಗೆ ಮೊರಿಯಾರ್ಟಿ ಹೋಗಿ ಮಾಮೂಲಿ ಖಳ ಉಳಿಯುತ್ತಾನೆ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಉಬ್ಬು ಹಣೆಗೆಂದು ಸ್ಪಿರಿಟ್ ಗಮ್ ಎಂಬ ಮೇಕಪ್ ಅಂಟು ಹಚ್ಚಿ ಬೋಳುತಲೆಯ ರಬ್ಬರ್ ಟೋಪಿ ಅಂಟಿಸಿದರೆ ಒಳಗೆ ಬೆವರು ನಿಂತು ಹಣೆಯಂಚು ಎದ್ದು ಬರುತ್ತದೆ. ಮುಂಗೂದಲು ಹಿಂದೆ ಸರಿದ ನಟನನ್ನೇ ಹುಡುಕಿ, ಇಲ್ಲವೇ ಎರಡು ಬೆರಳಗಲ ಬೋಳಿಸಿ. ಇಪ್ಪತ್ತರ ಹುಡುಗನ ತಲೆಗೆ ಬಿಳಿ ಪೌಡರ್ ಬಳಿಯಬೇಡಿ, ಅದು ಕರಿಕೋಟಿನ ಹೆಗಲ ಮೇಲೆ ಉದುರಿ ದೀಪದಲ್ಲಿ ಎದ್ದು ಕಾಣುತ್ತದೆ. ಗುಳಿಗಣ್ಣಿನವನಿಗೆ ನೆತ್ತಿಯ ಮೇಲಿನ ದೀಪವೊಂದೇ ಇದ್ದರೆ ಕಣ್ಣೇ ಕಾಣುವುದಿಲ್ಲ. ಮುಂದಿನಿಂದ 35–40 ಡಿಗ್ರಿ ಕೋನದಲ್ಲಿ ಒಂದು ದೀಪವನ್ನು ಮಂದವಾಗಿ ಕೊಡಿ.

ಇಷ್ಟೆಲ್ಲ ಹುಡುಕಿದರೂ ಗಂಡಸರಲ್ಲಿ ಯಾರೂ ಸಿಗದಿದ್ದರೆ ತಂಡದ ನಟಿಯರನ್ನು ಕರೆಯಿರಿ. 2013ರಲ್ಲಿ ಅಮೆರಿಕದ ಟಿವಿ ಧಾರಾವಾಹಿಯೊಂದರಲ್ಲಿ ನಟಾಲಿ ಡಾರ್ಮರ್ ಮೊರಿಯಾರ್ಟಿಯಾಗಿದ್ದರು. ಅವರಿಂದಲೂ ಆ ಐದು ತಾರೀಖುಗಳನ್ನೇ ಓದಿಸಿ.

— ಕೆಲವು ಹವ್ಯಾಸಿ ರಂಗಕರ್ಮಿಗಳು, ಕಲಬುರಗಿ