ಔಷಧಿ ಕೊಟ್ಟಿಗೆ ಕೋಳಿಗೂಡಾಗುವ ಮುನ್ನ

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಲ್ಲಿ ಮನೆಯ ಹಿಂದೆಯೋ ತೋಟದ ಅಂಚಿನಲ್ಲೋ ಒಂದು ಸಣ್ಣ ಹೆಂಚಿನ ಕೊಟ್ಟಿಗೆ ಇರುವುದು ರೂಢಿ. ಗೊಬ್ಬರದ ಚೀಲ, ಸಿಂಪಡಣೆಯ ಪಂಪು, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ಹರಿದ ಪೈಪು ಎಲ್ಲವೂ ಅದರೊಳಗೇ. ನಾಟಿ ಮೊಟ್ಟೆಗೆ ಒಳ್ಳೆಯ ಬೆಲೆ ಸಿಗುತ್ತಿರುವುದರಿಂದ ಇಂಥ ಕೊಟ್ಟಿಗೆಗಳನ್ನು ಕೋಳಿಗೂಡಾಗಿ ಮಾರ್ಪಡಿಸುವವರನ್ನು ಈಗ ಅಲ್ಲಲ್ಲಿ ಕಾಣುತ್ತಿದ್ದೇನೆ. 10 ಅಡಿ ಉದ್ದ, 8 ಅಡಿ ಅಗಲದ ಕೊಟ್ಟಿಗೆಯೊಂದನ್ನು ಹೀಗೆಯೇ ಮಾರ್ಪಡಿಸಿ 20 ಕೋಳಿ ಸಾಕಿರುವ ನಾನು, ನನ್ನ ತಪ್ಪುಗಳು ಬೇರೆಯವರಿಗೆ ದುಬಾರಿಯಾಗದಿರಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಹೆಚ್ಚಿನವರು ಗೋಡೆಗೆ ಸುಣ್ಣ ಬಳಿದು, ಬಾಗಿಲು ರಿಪೇರಿ ಮಾಡಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನೆಲವನ್ನು ಯಾರೂ ನೋಡುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತದ ಲೆಕ್ಕದಲ್ಲಿ ವರ್ಷ ವರ್ಷವೂ ಅದೇ ಜಾಗದಲ್ಲಿ ತೂಗುತ್ತೇವೆ, ತೂಗುವಾಗ ಚೆಲ್ಲಿದ್ದು ಮಣ್ಣಿನಲ್ಲೇ ಉಳಿಯುತ್ತದೆ. ತಾಮ್ರ ಅತಿಯಾದರೆ ಕೋಳಿಗೆ ವಿಷ. ದಿನವಿಡೀ ನೆಲ ಕೆದಕುವ ಕೋಳಿ ನೀಲಿ ಹರಳು ಕಣ್ಣಿಗೆ ಬಿದ್ದರೆ ಕುಕ್ಕದೆ ಬಿಟ್ಟೀತೇ? ಆದ್ದರಿಂದ ಗುಡಿಸಿದರೆ ಸಾಲದು. ಮೇಲಿನ ಅರ್ಧ ಅಡಿ ಮಣ್ಣನ್ನು ತೆಗೆದು ಬಾವಿಗೂ ಹಳ್ಳಕ್ಕೂ ದೂರದಲ್ಲಿ ಹಾಕಿ, ಹೊಸ ಮಣ್ಣು ತುಂಬಿ ಗಟ್ಟಿಯಾಗಿ ಕುಟ್ಟಬೇಕು. ಕಳೆನಾಶಕ, ಇಲಿ ಪಾಷಾಣ ಇಟ್ಟಿದ್ದ ಹಲಗೆಗಳಲ್ಲಿಯೇ ಮೊಟ್ಟೆ ಪೆಟ್ಟಿಗೆ ಮಾಡುವ ಮಿತವ್ಯಯವಂತೂ ಖಂಡಿತ ಬೇಡ.

ನಾನು ಎಡವಿದ್ದು ಗಾಳಿಯ ವಿಷಯದಲ್ಲಿ. ಕಬ್ಬೆಕ್ಕಿನ ಹೆದರಿಕೆಗೆ ಕಿಟಕಿ, ಸಂದುಗಳನ್ನೆಲ್ಲ ಹಲಗೆ ಹೊಡೆದು ಮುಚ್ಚಿಬಿಟ್ಟಿದ್ದೆ. ಜುಲೈ ತಿಂಗಳ ಮಳೆಯಲ್ಲಿ ಹಿಕ್ಕೆ ಒಣಗದೆ ಅಮೋನಿಯಾ ತುಂಬಿ, ಬೆಳಿಗ್ಗೆ ಬಾಗಿಲು ತೆಗೆದರೆ ನನಗೇ ಕಣ್ಣುರಿ ಬರುತ್ತಿತ್ತು. ಕೋಳಿಗಳು ಬಾಯಿ ತೆರೆದು ಉಸಿರಾಡುತ್ತಿದ್ದವು. ಕೊನೆಗೆ ಉದ್ದದ ಎರಡೂ ಗೋಡೆಗಳ ಮೇಲ್ಭಾಗದಲ್ಲಿ, ಎರಚಲು ಬೀಳದಂತೆ ಸೂರಿನಡಿಯಲ್ಲಿಯೇ, ಒಂದು ಅಡಿ ಎತ್ತರದಷ್ಟು ತೆರವು ಬಿಡಿಸಿ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಷ್ (ಬೆಸೆದ ತಂತಿಯ ಜಾಲರಿ) ಬಿಗಿಸಿದೆ. ಅಂಗಡಿಯವರು ಕೊಡುವ ಅಗ್ಗದ ಆರು ಮೂಲೆಯ ಕೋಳಿ ಬಲೆ ಕೋಳಿಯನ್ನು ಒಳಗಿಡಬಲ್ಲದೇ ಹೊರತು ಕಬ್ಬೆಕ್ಕನ್ನು ಹೊರಗಿಡಲಾರದು. ನೆಲಕ್ಕೆ ಮೂರು ಅಂಗುಲ ಭತ್ತದ ಹೊಟ್ಟು ಹರಡಿ, ಮಳೆಗಾಲದಲ್ಲಿ ಆಗಾಗ ಮಗುಚುತ್ತಿದ್ದರೆ ವಾಸನೆ ಹತೋಟಿಯಲ್ಲಿರುತ್ತದೆ. ಆ ಹೊಟ್ಟು ಚೆನ್ನಾಗಿ ಕಳಿತ ಮೇಲೆ ಅಡಿಕೆ ಬುಡಕ್ಕೆ ಹೋಗುತ್ತದೆ.

ಕೋಳಿ ಕೂರಲು ಅಡಿಕೆ ಮರ ಸೀಳಿದ ದಬ್ಬೆ ಧಾರಾಳವಾಗಿ ಸಾಕು, ಅಂಚನ್ನು ಉಜ್ಜಿ ನುಣುಪು ಮಾಡಿರಬೇಕು. ನಾಟಿ ಕೋಳಿ ಎಷ್ಟು ಎತ್ತರಕ್ಕಾದರೂ ಹಾರಿ ಕೂರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ತೂಕದ ಹಕ್ಕಿಯಾದ್ದರಿಂದ ಅದಕ್ಕೆ ಎರಡು ಅಡಿಗಿಂತ ಎತ್ತರ ಬೇಡ. ನಾಲ್ಕೈದು ಹೇಂಟೆಗಳಿಗೆ ಒಂದು ಮೊಟ್ಟೆ ಪೆಟ್ಟಿಗೆ ಸಾಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಕೆಲವೇ ದಿನಗಳಲ್ಲಿ ಗೂಡು ಖಾಲಿಯಾಗಬಹುದು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿಯಾಗಿ ಲಸೋಟಾ ಲಸಿಕೆ, ಎಂಟನೆಯ ವಾರದಲ್ಲಿ ಚುಚ್ಚುಮದ್ದಾಗಿ ಆರ್‌.ಟು.ಬಿ. ಹಾಕಿಸುವುದೇ ಇದಕ್ಕಿರುವ ದಾರಿ. ತೊಡಕು ಇರುವುದು ಸೀಸೆಯ ಗಾತ್ರದಲ್ಲಿ. ಈ ಲಸಿಕೆಗಳು ಸಾಮಾನ್ಯವಾಗಿ 100 ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವ ಸೀಸೆಗಳಲ್ಲಿ ಬರುತ್ತವೆ, ತಣ್ಣಗೆ ಇಟ್ಟು ತರಬೇಕು, ಒಮ್ಮೆ ಬೆರೆಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಇಪ್ಪತ್ತು ಕೋಳಿಯವನು ಉಳಿದ ಎಂಬತ್ತರ ಪಾಲನ್ನು ಚೆಲ್ಲುವ ಬದಲು ಲಸಿಕೆಯನ್ನೇ ಬಿಟ್ಟುಬಿಡುತ್ತಾನೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ತಿಂಗಳಿಗೊಂದು ದಿನ ಗೊತ್ತುಮಾಡಿ, ಅಕ್ಕಪಕ್ಕದ ಮನೆಗಳ ಕೋಳಿಗಳಿಗೆಲ್ಲ ಒಂದೇ ಸೀಸೆಯಿಂದ ಲಸಿಕೆ ಹಾಕಿಸುವ ವ್ಯವಸ್ಥೆಯನ್ನು ಸಂಬಂಧಪಟ್ಟವರು ಮಳೆಗಾಲಕ್ಕೆ ಮೊದಲೇ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು