ಮೀನುಗಾರಿಕೆ ಸಚಿವರಿಗೆ: ಕಾವೇರಿಗೆ ಮರಿ ಬಿಡುವ ಮೊದಲು ಅಳೆಸಿ ನೋಡಿ

ಮಾನ್ಯ ಮೀನುಗಾರಿಕೆ ಸಚಿವರಿಗೆ ನಮಸ್ಕಾರ,

ನಾನು ಕುಶಾಲನಗರದ ಕಡೆಯ ಕಾಫಿ ಬೆಳೆಗಾರ. ರಸ್ತೆ, ಪರಿಹಾರ, ಆನೆ ಕಂದಕದ ಅರ್ಜಿಗಳು ನಿಮ್ಮ ಸರ್ಕಾರಕ್ಕೆ ನಮ್ಮ ಜಿಲ್ಲೆಯಿಂದ ಬರುತ್ತಲೇ ಇರುತ್ತವೆ. ಇದು ಮೀನು ಮರಿಗಳ ವಿಷಯ. ಹಾರಂಗಿಯ ಮಹಶೀರ್ ಮೀನಿನ ಮರಿ ಕೇಂದ್ರದ್ದಾಗಲಿ, ಹೊರಗಿನಿಂದ ಬಂದದ್ದಾಗಲಿ, ಕಾವೇರಿಗೆ ಬಿಡುವ ಪ್ರತಿ ಬ್ಯಾಚಿನಿಂದ ಒಂದಷ್ಟು ಎಳೆ ಮರಿಗಳನ್ನು ಮೈಕ್ರೋಸ್ಕೋಪಿನಡಿ ಅಳೆಸಿ, ತಾಯಿಮೀನು ಎಲ್ಲಿಯದು ಅಂತ ಬರೆಸಿಡಿ. ಕೇಳುತ್ತಿರುವುದು ಇಷ್ಟೇ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಕೆನಡಾದ ಅಟ್ಲಾಂಟಿಕ್ ಕಡಲಿನಲ್ಲಿ ದೊಡ್ಡ ಸಿಗಡಿಯಂಥ ಲಾಬ್‌ಸ್ಟರಿನ ಮರಿಗಳನ್ನು ಹೀಗೆ ಅಳೆದು ನೋಡಿದ್ದಾರೆ. ಅಲ್ಲಿನದು ಏಡಿಯ ಹಾಗೆ ಎರಡು ದಪ್ಪ ಕೊಂಡಿಯ ಜಾತಿ. ನಮ್ಮ ಕರಾವಳಿಯ ಲಾಬ್‌ಸ್ಟರಿಗೆ ಆ ಕೊಂಡಿ ಇಲ್ಲ, ಉದ್ದ ಮೀಸೆ ಇದೆ. ತಾಯಿ ಮೊಟ್ಟೆಗಳನ್ನು ಬಾಲದಡಿ ಅಂಟಿಸಿಕೊಂಡು ತಿಂಗಳುಗಟ್ಟಲೆ ಹೊತ್ತು ತಿರುಗುತ್ತದೆ. ಒಡೆದು ಬಂದ ಮರಿ ಸುಮಾರು 8 ಮಿಲಿಮೀಟರ್ ಇರುತ್ತದೆ. ಮೊದಲ ಹಂತದಲ್ಲಿ ಹೊಟ್ಟೆಯಡಿಯ ಈಜುಕಾಲುಗಳೇ ಇರುವುದಿಲ್ಲ. ಎರಡನೆಯ ಹಂತದಲ್ಲಿ ಅವು ಮೂಡುತ್ತವೆ, ಮೂರನೆಯದರಲ್ಲಿ ಬಾಲ ಅಗಲವಾಗುತ್ತದೆ. ನಾಲ್ಕನೆಯದರಲ್ಲಿ ಥೇಟ್ ದೊಡ್ಡದರ ರೂಪ ಬಂದು, ಇಳಿದು ಕೂರಲು ತಳ ಹುಡುಕುತ್ತದೆ. ಅಷ್ಟು ದಿನ ನೀರು ಒಯ್ದ ಕಡೆಗೆ ಅದರ ಪಯಣ.

ಹಾಗಾಗಿ ಒಂದು ಕೊಲ್ಲಿಯಲ್ಲಿ ಬಲೆಗೆ ಬೀಳುವ ಲಾಬ್‌ಸ್ಟರಿನ ತಾಯಿ ಎಲ್ಲಿಯದು ಅನ್ನುವುದು ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಕಡಲನ್ನು ಪ್ರದೇಶಗಳಾಗಿ ಹಂಚಿದ್ದಾರೆ, ಹಿಡಿಯಬಹುದಾದ ಕನಿಷ್ಠ ಗಾತ್ರ ಎಲ್ಲ ಕಡೆ ಒಂದೇ ಅಲ್ಲ. ಕಣ್ಣುಗುಳಿಯಿಂದ ಬೆನ್ನಿನ ಚಿಪ್ಪಿನ ಹಿಂದಂಚಿನವರೆಗೆ ಅಳತೆಪಟ್ಟಿ ಇಟ್ಟು ನೋಡಿ, ಸಣ್ಣದಾದರೆ ವಾಪಸ್ ನೀರಿಗೆ. ಆದರೆ ಒಂದು ಪ್ರದೇಶದ ತಾಯಂದಿರ ಮರಿಗಳು ಇನ್ನೊಂದು ಪ್ರದೇಶಕ್ಕೆ ತೇಲಿ ಹೋಗುತ್ತಿದ್ದರೆ, ಇಲ್ಲಿ ನಿಯಮ ಬಿಗಿ ಮಾಡಿದ್ದರ ಫಲ ಅಲ್ಲಿ ಸಿಗುತ್ತದೆ.

ಇದನ್ನು ತಿಳಿಯಲು ಹೊರಟ ಒಂದು ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಕಡೆಯ ಲಾಬ್‌ಸ್ಟರ್ ಮರಿಗಳ ದೇಹದ ಅಳತೆ ಹಿಡಿದು ಅವುಗಳ ಊರು ಗುರುತಿಸಬಹುದೇ ಅಂತ ನೋಡಿದರು. ಇಂಥ ಕೆಲಸದಲ್ಲಿ ಯಾವುದೋ ಒಂದು ಅಳತೆ ಸಾಲುವುದಿಲ್ಲ. ಬೆನ್ನ ಚಿಪ್ಪು, ಮೂತಿಯ ಮುಳ್ಳು, ಹೊಟ್ಟೆ ಭಾಗ, ಹೀಗೆ ಹಲವನ್ನು ಒಟ್ಟಿಗೆ ಲೆಕ್ಕಕ್ಕೆ ಹಾಕಿದಾಗಲೇ ಗುಂಪುಗಳು ಬೇರೆಯಾಗಿ ಕಾಣುತ್ತವೆ. ಮೋಸ ಹೋಗುವ ಜಾಗಗಳೂ ಇವೆ. ದೊಡ್ಡ ತಾಯಿಯ ಮೊಟ್ಟೆ ದೊಡ್ಡದು, ಮರಿಯೂ ದೊಡ್ಡದು. ನೀರಿನ ಬಿಸಿ ಬದಲಾದರೆ ಬೆಳವಣಿಗೆಯೂ ಬದಲಾಗುತ್ತದೆ. ಕೆಡದಿರಲಿ ಅಂತ ಫಾರ್ಮಾಲಿನ್‌ ದ್ರಾವಣದಲ್ಲಿಟ್ಟ ಮರಿ ಕುಗ್ಗುತ್ತದೆ. ತಾಯಿಯ ಗಾತ್ರ, ನೀರಿನ ಉಷ್ಣತೆ, ಮರಿಯ ವಯಸ್ಸು ಬರೆದಿಡದೆ ಸುಮ್ನೆ ಉದ್ದ ಅಳೆದರೆ ಅದು ಬರೀ ಅಂಕಿ.

ಈಗ ನಮ್ಮ ಹೊಳೆಗೆ ಬರುತ್ತೇನೆ. ಕಾವೇರಿಯ ಗೂನುಬೆನ್ನಿನ ಮಹಶೀರ್, ಕಿತ್ತಳೆ ರೆಕ್ಕೆಯದು, ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬ್ರಿಟಿಷರ ಕಾಲದಿಂದ ಗಾಳ ಹಾಕುವವರು ಇದರ ಹಿಂದೆ ಬಿದ್ದಿದ್ದರು, ಆದರೂ 2018ರವರೆಗೆ ಇದಕ್ಕೆ ಒಪ್ಪಿತವಾದ ವೈಜ್ಞಾನಿಕ ಹೆಸರಿರಲಿಲ್ಲ. 2007ರಲ್ಲಿ ಕಾವೇರಿ ಕೊಳ್ಳಕ್ಕೇ ಸೇರಿದ ಕೇರಳದ ಪಾಂಬಾರ್ ಹೊಳೆಯಿಂದ ಗುರುತಿಸಿದ್ದ ಟಾರ್ ರೆಮಾದೇವಿ ಇದೇ ಅಂತ ಆ ವರ್ಷ ಗೊತ್ತಾಯಿತು. ಹೆಸರಿಲ್ಲದ ಮೀನನ್ನು ಕೆಂಪು ಪಟ್ಟಿಗೆ ಸೇರಿಸುವುದಾದರೂ ಹೇಗೆ? ಹೆಸರು ಸಿಕ್ಕಿದ್ದೇ ತಡ, ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಸಾಲಿಗೆ ಸೇರಿತು.

ಇನ್ನೊಂದು ನೀಲಿ ರೆಕ್ಕೆಯದು, ಟಾರ್ ಖುದ್ರೀ. ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿ ದೇಶದ ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಮಾಡಿದವರ ಉದ್ದೇಶ ಒಳ್ಳೆಯದೇ, ಮಹಶೀರ್ ಉಳಿಯಲಿ ಅಂತಲೇ. ಆದರೆ ಕಾವೇರಿಯ ಮಧ್ಯಭಾಗದಲ್ಲಿ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ ನೀಲಿ ರೆಕ್ಕೆಯದು ಜಾಸ್ತಿಯಾಗುತ್ತಾ, ಗೂನುಬೆನ್ನಿನದು ಅಪರೂಪವಾಗುತ್ತಾ ಹೋಗಿದೆ. ಉಳಿಸಲು ಹೋಗಿ ಬೇರೆ ಮೀನನ್ನು ತುಂಬಿಸಿದ ಹಾಗಾಯಿತು, ಅಲ್ವಾ?

ನಮ್ಮ ತೋಟಕ್ಕೆ ಯಾವ ಕಾಫಿ ತಳಿ, ಎಸ್.795 ಬೇಕೋ ಚಂದ್ರಗಿರಿ ಬೇಕೋ ಅಂತ ನರ್ಸರಿಯಲ್ಲಿ ಹತ್ತು ಸಲ ಕೇಳುತ್ತೇವೆ. ನದಿಗೆ ಬಿಡುವ ಮರಿಗೆ ಯಾಕೆ ಕೇಳಬಾರದು? ಬೆರಳುದ್ದದ ಮಹಶೀರ್ ಮರಿ ನೋಡಿದರೆ ನನ್ನ ಕಣ್ಣಿಗಂತೂ ಯಾವ ಜಾತಿ ಅಂತ ತಿಳಿಯುವುದಿಲ್ಲ. ಆ ಗಾತ್ರಕ್ಕೆ ಬರುವ ಮೊದಲೇ ಅಳೆಯುವುದು ಒಳ್ಳೆಯದು. ಮೊಟ್ಟೆಯೊಡೆದ ಮಹಶೀರ್ ಮರಿ ಕೆಲವು ದಿನ ಈಜುವುದೇ ಇಲ್ಲ. ಬೆಳಕಿಗೆ ಹೆದರಿ ತೊಟ್ಟಿಯ ಮೂಲೆಯಲ್ಲಿ ಒಂದರ ಮೇಲೊಂದು ರಾಶಿ ಬಿದ್ದು, ಹೊಟ್ಟೆಯ ಹಳದಿ ಚೀಲದ ಆಹಾರ ಕರಗಿಸಿಕೊಂಡು ಇರುತ್ತದೆ. ಹೊರಗಿನ ತಿಂಡಿ ಇನ್ನೂ ಒಳಗೆ ಹೋಗಿರುವುದಿಲ್ಲ. ಮೈಯುದ್ದ, ಚೀಲದ ಉದ್ದ, ಕಣ್ಣಿನ ಅಗಲ, ದೇಹದ ಎತ್ತರ ಅಳೆಯಲು ಅದೇ ಸರಿಯಾದ ಸಮಯ. ಎರಡೂ ಮೀನಿನ ಮರಿಗಳು ಒಂದೇ ತೊಟ್ಟಿಯ ನೀರಿನಲ್ಲಿ, ಒಂದೇ ವಯಸ್ಸಿನಲ್ಲಿ ಅಳೆಯಲ್ಪಡಬೇಕು, ಅಷ್ಟೇ ಷರತ್ತು.

ಅಳತೆಯಿಂದಲೇ ಎಲ್ಲ ತೀರ್ಮಾನ ಆಗಲಿ ಅಂತ ನಾನು ಹೇಳುತ್ತಿಲ್ಲ. ಅನುಮಾನ ಬಂದ ಬ್ಯಾಚಿನ ರೆಕ್ಕೆಯ ಚೂರು ಡಿಎನ್ಎ ಪರೀಕ್ಷೆಗೆ ಹೋಗಲಿ. ಅದಕ್ಕೆ ಲಖನೌದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದೆ. ಆದರೆ ಪ್ರತಿ ಮರಿಯನ್ನೂ ಅಲ್ಲಿಗೆ ಕಳಿಸಲು ಆಗುವುದಿಲ್ಲ. ಮೈಕ್ರೋಸ್ಕೋಪು, ಅದರೊಳಗೆ ಗೀಟು ಹಾಕಿದ ಗಾಜು, ಒಂದು ರಿಜಿಸ್ಟರು ಇದ್ದರೆ ಮೊದಲ ಜರಡಿ ಹಾರಂಗಿಯಲ್ಲೇ ಹಿಡಿಯಬಹುದು. ಕೆಲಸಕ್ಕೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಮಕ್ಕಳನ್ನು ಕರೆಸಿ. ಅವರಿಗೂ ಒಂದು ಪ್ರಬಂಧದ ವಿಷಯ ಸಿಗುತ್ತದೆ.

ಅಲ್ಲಿಯವರೆಗೆ ಕೊಡಗಿನ ಹೊಳೆಗಳಿಗೆ ಮೂಲ ಗೊತ್ತಿಲ್ಲದ ಮಹಶೀರ್ ಮರಿ ಬಿಡುವುದನ್ನು ನಿಲ್ಲಿಸಿ. ಮರಿ ಬಿಡುವ ಫೋಟೋ ಒಂದು ವರ್ಷ ಪೇಪರಿನಲ್ಲಿ ಬರದಿದ್ದರೆ ಯಾರಿಗೂ ನಷ್ಟವಿಲ್ಲ.

ಹಾರಂಗಿಯಲ್ಲಿ ಈಗ ಇರುವ ತಾಯಿಮೀನುಗಳು ಯಾವ ಹೊಳೆಯವು, ಯಾವ ಜಾತಿಯವು? ಈ ಮುಂಗಾರಿಗೆ ಮೊದಲು ಇದಕ್ಕೊಂದು ಉತ್ತರ ಕೊಡಿಸಿ. ರಿಜಿಸ್ಟರು ಹೇಗಿರಬೇಕು ಅನ್ನುವುದನ್ನು ಆಮೇಲೆ ಕೂತು ಮಾತಾಡಬಹುದು.

ಇತಿ,
ಕಾವೇರಿ ದಂಡೆಯ ಒಬ್ಬ ಕಾಫಿ ಬೆಳೆಗಾರ