ಜೂನ್‌ನಲ್ಲಿ ಬಾ, ಪ್ರೊಜೆಕ್ಟರ್ ಹಿಡ್ಕೊಂಡು

ಪ್ರೀತಿಯ ದೋಸ್ತ,

ಮುಂದಿನ ಸಿನಿಮಾ ಯಾವಾಗ ಅಂತ ಕೇಳಿದ್ದೀಯ. ಎಲ್ಲರೂ ಕೇಳುತ್ತಿದ್ದಾರೆ, ಅದಕ್ಕೇ ಎಲ್ಲರೂ ಓದುವಲ್ಲೇ ಉತ್ತರ ಬರೆಯುತ್ತಿದ್ದೇನೆ. ಹಿಂದಿನದೇ ಇನ್ನೂ ಮುಗಿದಿಲ್ಲ ಮಾರಾಯ.

2013ರಲ್ಲಿ ‘ಲೂಸಿಯಾ’ ಜನರೇ ಹಾಕಿದ ದುಡ್ಡಿನಲ್ಲಿ ತಯಾರಾಗಿ ಬಂದಾಗ ನಾವಿಬ್ಬರೂ ಎಷ್ಟು ಕುಣಿದಿದ್ದೆವು! ದುಡ್ಡೊಂದು ಹೊಂದಿದರೆ ಸಾಕು ಅನ್ನಿಸಿತ್ತು. ನಮ್ಮ ಮೀನುಗಾರರ ಕತೆಗೂ ದುಡ್ಡು ಹೊಂದಿತು. ಸಿನಿಮಾ ಆಯಿತು, ಸೆನ್ಸಾರ್ ಆಯಿತು. ಥಿಯೇಟರಿನ ಡಿಜಿಟಲ್ ಪ್ರೊಜೆಕ್ಷನ್‌ಗೆ ವಾರದ ಲೆಕ್ಕದಲ್ಲಿ ನಾವೇ ಕಟ್ಟಿದ್ದೂ ಆಯಿತು. ಸೋಮವಾರಕ್ಕೆ ಒಂದೇ ಆಟ ಉಳಿಯಿತು, ಅದೂ ಬೆಳಗಿನದು.

ಥಿಯೇಟರ್ ಸಿಕ್ಕಿದ್ದು ಆಗಸ್ಟ್ ಮೊದಲ ವಾರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವ ಹಾಗಿಲ್ಲ. ಆಗಸ್ಟ್ ಬಂತೆಂದರೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಐಸು, ಡೀಸೆಲ್, ಬಲೆ ಅಂತ ಯಾರಿಗೂ ಪುರುಸೊತ್ತಿಲ್ಲ. ಯಾರ ಕತೆ ಹೇಳಿದ್ದೆವೋ ಅವರೆಲ್ಲ ಸಮುದ್ರದಲ್ಲಿದ್ದರು. ತಾಂಡೇಲನ, ಅಂದರೆ ಬೋಟು ನಡೆಸುವವನ, ಪಾತ್ರ ಮಾಡಿದ ಮಾಮ ನಿಜಕ್ಕೂ ತಾಂಡೇಲರೇ ಅಲ್ವಾ, ತಮ್ಮ ಮುಖವನ್ನು ತೆರೆಯ ಮೇಲೆ ಅವರು ಇನ್ನೂ ನೋಡಿಲ್ಲ. ಮೊನ್ನೆ ಬಂದರಿನಲ್ಲಿ ಸಿಕ್ಕರು. ಹರಿದ ಬಲೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಸೂಜಿ ಆಡಿಸುತ್ತಿದ್ದರು. ತಲೆ ಎತ್ತದೇ ಕೇಳಿದರು: “ನಂದು ತೋರ್ಸೂದು ಯಾವಾಗ?”

ಹೋದ ದುಡ್ಡಿಗಿಂತ ಜಾಸ್ತಿ ಕೊರೆಯುತ್ತಿರುವುದು ಆ ಪ್ರಶ್ನೆ.

ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಡುತ್ತೇನೆ. ನಿನ್ನ ಸಿನಿಮಾ ಫೆಸ್ಟಿವಲ್‌ಗೆ ಆಯ್ಕೆಯಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖುಷಿಯಾಗಿತ್ತು, ಸುಳ್ಳಲ್ಲ. ಹೊಟ್ಟೆಕಿಚ್ಚೂ ಆಗಿತ್ತು. ಎರಡಕ್ಕಿಂತಲೂ ಹೆದರಿಕೆ ಜಾಸ್ತಿ. ಇನ್ನೊಂದು ಕತೆ ಹೇಳುವ ಧೈರ್ಯ ನನ್ನಲ್ಲಿ ಉಳಿದಿದೆಯೋ ಇಲ್ಲವೋ ಅಂತ. ನಮ್ಮ ಹಾರ್ಡ್‌ಡಿಸ್ಕ್ ಆಯಿಯ ಕಪಾಟಿನಲ್ಲಿ ಸೀರೆಗಳ ಕೆಳಗಿದೆ. ತೆಗೆಯಲು ಕೈ ಏಳುತ್ತಿಲ್ಲ.

ಬಿಡು, ಇಷ್ಟು ಸಾಕು. ಕೆಲಸದ ಮಾತು ಕೇಳು. ಬರುವ ಜೂನ್‌ನಲ್ಲಿ ಬೋಟುಗಳೆಲ್ಲ ದಡ ಹತ್ತಿದ ಮೇಲೆ ಮಾಜಾಳಿ, ಅಂಕೋಲಾ, ತದಡಿಯ ಕಡೆ ಸಭಾಭವನಗಳಲ್ಲಿ ತೋರಿಸೋಣ. ಮಳೆಗೆ ಬಯಲಲ್ಲಿ ತೋರಿಸಲು ಆಗುವುದಿಲ್ಲ. ತಗಡಿನ ಛಾವಣಿ ಇದ್ದರೆ ಒಂದು ಡೈಲಾಗೂ ಕೇಳುವುದಿಲ್ಲ, ಅದಕ್ಕೆ ಸ್ಲ್ಯಾಬ್ ಇರುವ ಹಾಲ್‌ಗಳನ್ನೇ ಹುಡುಕುತ್ತಿದ್ದೇನೆ. ಕರೆಂಟ್ ಹೋಗುವುದು ಖಾತ್ರಿ, ಜನರೇಟರ್ ಬೇಕು. ಪ್ರೊಜೆಕ್ಟರ್, ಸ್ಪೀಕರ್ ನಿನ್ನ ಪಾಲು. ಮೊದಲ ಆಟ ಮಾಮನ ಊರಲ್ಲಿ.

ಬಂಗಡೆ ಮಾತ್ರ ಕೇಳಬೇಡ. ಆಗ ಒಣ ಸೀಗಡಿ ಚಟ್ನಿಯೇ ಗತಿ. ಆಯಿ ಈಗಲೇ ಡಬ್ಬಿ ತುಂಬಿಟ್ಟಿದ್ದಾಳೆ.

ನಿನ್ನ
ಕಾರವಾರದ ದೋಸ್ತ